ಎರಡು ತಿಂಗಳು ನಿಂತ ಕಾರು, ಬ್ಯಾಟರಿ 10.8 ವೋಲ್ಟ್: ಮನೆಯಲ್ಲೇ ಎಬ್ಬಿಸಬಹುದಾ?

ಹೇಮಾವತಿ ತೀರ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ಮಗಳ ಬಾಣಂತನಕ್ಕೆ ಅಂತ ಪುಣೆಗೆ ಹೋಗಿದ್ದೆ, ಮೊನ್ನೆ ವಾಪಸ್ ಬಂದೆ. ಎರಡು ತಿಂಗಳ ಮೇಲೆ ಕಾರು ಹಾಸನದ ಮನೆಯ ಪೋರ್ಟಿಕೋದಲ್ಲಿ ನಿಂತೇ ಇತ್ತು. ನಮ್ಮ ಯಜಮಾನರಿಗೆ ಡ್ರೈವಿಂಗ್ ಬರುವುದಿಲ್ಲ. ಹಾಗಾಗಿ ಮಧ್ಯೆ ಒಮ್ಮೆಯೂ ಯಾರೂ ಸ್ಟಾರ್ಟ್ ಮಾಡಿಲ್ಲ.

ಈಗ ರಿಮೋಟ್ ಒತ್ತಿದರೆ ಕಾರು ಮಿಸುಕುವುದಿಲ್ಲ. ಕೀ ಹಾಕಿ ಬಾಗಿಲು ತೆಗೆದೆ. ತಿರುಗಿಸಿದರೆ ಡ್ಯಾಶ್‌ಬೋರ್ಡಿನ ಲೈಟು ಮಂಕಾಗಿ ಹತ್ತುತ್ತದೆ, ಬಾನೆಟ್ ಒಳಗಿಂದ ಟಕಟಕಟಕ ಅಂತ ಸದ್ದು ಬರುತ್ತದೆ, ಅಷ್ಟೇ. ಪಕ್ಕದ ಮನೆ ಹುಡುಗ ಇಂಜಿನಿಯರಿಂಗ್ ಓದುತ್ತಾನೆ, ಅವನು ಮೀಟರ್ ತಂದು ಹಿಡಿದು 10.8 ವೋಲ್ಟ್ ಅಂದ.

ಕಾರು ಸಣ್ಣ ಪೆಟ್ರೋಲ್ ಗಾಡಿ, ಗೇರಿನದು. ಬ್ಯಾಟರಿ ಮೇಲೆ 12 ವೋಲ್ಟ್ 35 ಎಎಚ್ ಅಂತ ಇದೆ. ಹಾಕಿಸಿ ಮೂರು ವರ್ಷದ ಹತ್ತಿರ ಆಯ್ತು. ಮೇಲೆ ಆರು ಮುಚ್ಚಳ ಇವೆ, ಬಿಚ್ಚಬಹುದು. ಎರಡು ತೂತಲ್ಲಿ ನೀರು ಸ್ವಲ್ಪ ಕಡಿಮೆ ಕಾಣಿಸುತ್ತದೆ.

ಅಂಗಡಿಯವರಿಗೆ ಫೋನ್ ಮಾಡಿದರೆ "ಸತ್ತು ಹೋಗಿದೆ ಮೇಡಂ, ಹೊಸದು ಹಾಕಿಸಿ" ಅಂದರು. ನೋಡಲೂ ಇಲ್ಲ! ನನ್ನ ಮೈದುನ ಮನೆಯ ಯುಪಿಎಸ್‌ಗೆ ಸಿಕ್ಕಿಸಿ ಚಾರ್ಜ್ ಮಾಡು ಅನ್ನುತ್ತಾನೆ. ವಾಟ್ಸಾಪ್‌ನಲ್ಲಿ ಬಂದ ಒಂದು ವಿಡಿಯೋದಲ್ಲಿ ಎಪ್ಸಮ್ ಸಾಲ್ಟ್ ಕರಗಿಸಿ ಹಾಕಿದರೆ ಹೊಸ ಬ್ಯಾಟರಿ ಥರ ಆಗುತ್ತದೆ ಅಂತ ತೋರಿಸುತ್ತಾರೆ. ಎದುರು ಮನೆಯವರು ತಳ್ಳೋಣ ಬನ್ನಿ ಅಂತ ತೋಳು ಮಡಚಿಕೊಂಡು ನಿಂತಿದ್ದಾರೆ. ಯಾರ ಮಾತು ಕೇಳಲಿ?

---

ಅರಳಿಕಟ್ಟೆ ಹೈದ ಬರೆದಿದ್ದಾರೆ:

ಹಳೇ ಅಂಬಾಸಿಡರ್ ಇದ್ದಿದ್ದರೆ ಮುಂದೆ ಹ್ಯಾಂಡಲ್ ಹಾಕಿ ನಾಲ್ಕು ಸುತ್ತು ತಿರುಗಿಸಿದರೆ ಆಗುತ್ತಿತ್ತು. ಈಗಿನ ಕಾರಿಗೆ ಬ್ಯಾಟರಿ ಇಲ್ಲ ಅಂದರೆ ಬಾಗಿಲು ತೆಗೆಯೋದಕ್ಕೂ ಪರದಾಟ. ಗ್ಯಾರೇಜ್ ಮಾವ ಬರಲಿ, ಕಾಯಿರಿ.

---

ಗ್ಯಾರೇಜ್ ಮಾವ ಬರೆದಿದ್ದಾರೆ:

ಬಂದೆ.

ಮೇಡಂ, ಮೀಟರ್ ಹಿಡಿಯದೆ "ಸತ್ತಿದೆ" ಅಂದವರ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಚಾರ್ಜ್ ಇಳಿದ ಬ್ಯಾಟರಿ ಬೇರೆ, ಕೆಟ್ಟ ಬ್ಯಾಟರಿ ಬೇರೆ. ಕೀ ತಿರುಗಿಸಿದಾಗ ಎರಡೂ ಒಂದೇ ಥರ ಟಕಟಕ ಅನ್ನುತ್ತವೆ, ಅದಕ್ಕೇ ಜನ ಮೋಸ ಹೋಗೋದು.

ನಿಮ್ಮ 10.8 ಇದೆಯಲ್ಲ, ಅದು ತಲೆ ಕೆಡಿಸೋ ನಂಬರ್. ಬ್ಯಾಟರಿ ಒಳಗೆ ಆರು ಸೆಲ್ ಇವೆ, ನಿಮಗೆ ಕಾಣೋ ಆರು ಮುಚ್ಚಳ ಅವೇ. ಪೂರ್ತಿ ಚಾರ್ಜ್ ಆದ ಒಂದು ಸೆಲ್ ಸುಮಾರು 2.1 ವೋಲ್ಟ್ ಕೊಡುತ್ತದೆ, ಆರೂ ಸೇರಿದರೆ 12.6. ಈಗ 10.8 ಎರಡು ದಾರಿಯಲ್ಲಿ ಬಂದಿರಬಹುದು. ಆರೂ ಸೆಲ್ ಒಟ್ಟಿಗೆ ಬರಿದಾಗಿ ಒಂದೊಂದೂ 1.8ಕ್ಕೆ ಇಳಿದಿರಬಹುದು. ಇಲ್ಲವೇ ಐದು ಸೆಲ್ ಚೆನ್ನಾಗಿಯೇ ಇದ್ದು, ಒಂದು ಮಾತ್ರ ಒಳಗೆ ಶಾರ್ಟ್ ಆಗಿ ಹೆಚ್ಚುಕಡಿಮೆ ಸೊನ್ನೆ ಆಗಿರಬಹುದು, ಆಗಲೂ ಮೀಟರ್ 10.5ರ ಆಸುಪಾಸೇ ತೋರಿಸುತ್ತದೆ. ಮೊದಲನೆಯದಾದರೆ ಚಾರ್ಜ್ ಮಾಡಿದರೆ ಏಳುತ್ತದೆ. ಎರಡನೆಯದಾದರೆ ದೇವರೇ ಬಂದರೂ ಏಳುವುದಿಲ್ಲ. ಮೀಟರ್ ಒಂದರಿಂದಲೇ ಇದು ಗೊತ್ತಾಗುವುದಿಲ್ಲ, ಚಾರ್ಜ್‌ಗೆ ಹಾಕಿಯೇ ನೋಡಬೇಕು. ಪುಣೆಗೆ ಹೋಗುವ ಮುಂಚೆ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಿತ್ತು ಅಂದರೆ ಮೊದಲನೆಯದೇ ಇರಬೇಕು ಅಂತ ನನ್ನ ಅಂದಾಜು.

ಬಿಚ್ಚೋದು ಹೇಗೆ ಅಂದರೆ, 10ನೇ ನಂಬರ್ ಸ್ಪ್ಯಾನರ್ ಸಾಕು. ಕೈಯಲ್ಲಿ ಚಿನ್ನದ ಬಳೆ, ಉಂಗುರ ಇದ್ದರೆ ಮೊದಲು ತೆಗೆದಿಡಿ, ಇದು ತಮಾಷೆಯಲ್ಲ. ಬಳೆ ಎರಡು ಟರ್ಮಿನಲ್ ಮಧ್ಯೆ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಮೈನಸ್ ಕಡೆ ಮೊದಲು ಬಿಚ್ಚಿ, ಆಮೇಲೆ ಪ್ಲಸ್. ಯಾಕೆ ಅಂದರೆ ಕಾರಿನ ಬಾಡಿ ಪೂರ್ತಿ ಮೈನಸ್. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಶಾರ್ಟ್, ಮೈನಸ್ ಮೊದಲೇ ಬಿಚ್ಚಿದ್ದರೆ ತಾಗಿದರೂ ಏನೂ ಆಗುವುದಿಲ್ಲ. ವಾಪಸ್ ಹಾಕುವಾಗ ಉಲ್ಟಾ, ಪ್ಲಸ್ ಮೊದಲು.

ಹಳೇ ಬಟ್ಟೆ ಹಾಕಿಕೊಳ್ಳಿ. ಆಸಿಡ್ ಒಂದು ಹನಿ ಬಿದ್ದರೆ ಆಗ ಏನೂ ಕಾಣಿಸುವುದಿಲ್ಲ. ಬಟ್ಟೆ ಒಗೆದು ಹಿಂಡಿದ ಮೇಲೆ ನೋಡಿದರೆ ಕಾಳು ಗಾತ್ರದ ತೂತು ಬಿದ್ದಿರುತ್ತದೆ, ಕಾಟನ್ ಆದರಂತೂ ಗ್ಯಾರಂಟಿ. ಮೈಗೆ ಬಿದ್ದರೆ ನಲ್ಲಿ ಕೆಳಗೆ ಹಿಡಿದು ತುಂಬಾ ಹೊತ್ತು ತೊಳೆಯಿರಿ. ಕಣ್ಣಿಗೆ ಬಿದ್ದರೆ ನೀರು ಹಾಕುತ್ತಲೇ ಆಸ್ಪತ್ರೆಗೆ ಹೊರಡಿ. ಅದಕ್ಕೇ ಕನ್ನಡಕ ಹಾಕಿಕೊಂಡೇ ಮುಚ್ಚಳ ತೆಗೆಯಿರಿ.

ನೀರು ಕಡಿಮೆ ಇದೆ ಅಂದಿರಿ. ಡಿಸ್ಟಿಲ್ಡ್ ವಾಟರ್ ಮಾತ್ರ. ಕುಡಿಯೋ ಫಿಲ್ಟರ್ ನೀರು ಬೇಡ, ಬೋರ್ ನೀರು ಮುಟ್ಟಲೇಬೇಡಿ. ಚಾರ್ಜ್ ಮಾಡುವ ಮುಂಚೆ ಒಳಗಿನ ಪ್ಲೇಟ್ ಮುಳುಗುವಷ್ಟು ಹಾಕಿ ಸಾಕು, ಗೆರೆ ತನಕ ತುಂಬೋದು ಚಾರ್ಜ್ ಮುಗಿದ ಮೇಲೆ. ಮುಂಚೆಯೇ ತುಂಬಿದರೆ ಚಾರ್ಜ್ ಆಗುತ್ತಾ ಮಟ್ಟ ಏರಿ ಹೊರಗೆ ಚೆಲ್ಲುತ್ತದೆ. ಆಸಿಡ್ ಯಾವ ಕಾರಣಕ್ಕೂ ಸೇರಿಸಬೇಡಿ. ಆವಿಯಾಗಿ ಹೋಗೋದು ನೀರು, ಆಸಿಡ್ ಅಲ್ಲ.

ಚಾರ್ಜಿಂಗ್ ಲೆಕ್ಕ ಸುಲಭ. ಎಎಚ್‌ನ (ಆಂಪಿಯರ್ ಗಂಟೆ, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಳತೆ) ಹತ್ತನೇ ಒಂದು ಭಾಗ. ನಿಮ್ಮದು 35, ಹಾಗಾಗಿ 3.5 ಆಂಪಿಯರ್. ಹೀಗೆ ಪೂರ್ತಿ ಬರಿದಾಗಿ ನಿಂತಿದ್ದಕ್ಕೆ ಇನ್ನೂ ನಿಧಾನ ಕೊಟ್ಟರೆ ಇನ್ನೂ ಒಳ್ಳೆಯದು, 2 ಆಂಪಿಯರ್‌ನಲ್ಲಿ ಒಂದು ಹಗಲು ಒಂದು ರಾತ್ರಿ ಬಿಟ್ಟರೂ ಸರಿ. ವೋಲ್ಟೇಜು 14.4 ದಾಟಬಾರದು. ಮೊದಲು ಕ್ಲಿಪ್ ಸಿಕ್ಕಿಸಿ, ಆಮೇಲೆ ಗೋಡೆಯ ಸ್ವಿಚ್ ಹಾಕಿ. ತೆಗೆಯುವಾಗ ಸ್ವಿಚ್ ಮೊದಲು ಆರಿಸಿ. ಕ್ಲಿಪ್ ಕೀಳುವಾಗ ಬರುವ ಕಿಡಿ ಇದೆಯಲ್ಲ, ಅದೇ ಅಪಾಯ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಗಾಳಿಯಲ್ಲಿ ಶೇ 4ರಷ್ಟು ಸೇರಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಆದ್ದರಿಂದ ಹೊರಗೆ ಪೋರ್ಟಿಕೋದಲ್ಲೇ ಇಡಿ. ಅಡುಗೆಮನೆ, ದೇವರಮನೆ ಹತ್ತಿರ ಬೇಡವೇ ಬೇಡ.

ಈಗ ಮುಖ್ಯವಾದದ್ದು. ಕೆಲವು ಗಂಟೆ ಆದಮೇಲೆ ಮುಚ್ಚಳ ಸಡಿಲ ಮಾಡಿ ಕಿವಿ ಕೊಟ್ಟು ಕೇಳಿ, ಮುಖ ದೂರ ಇರಲಿ. ಚಾರ್ಜ್ ತುಂಬುತ್ತಾ ಬಂದ ಸೆಲ್ ಸಣ್ಣಗೆ ಚುಯ್ ಅಂತ ಗುಳ್ಳೆ ಬಿಡುತ್ತದೆ. ಆರೂ ಗುಳ್ಳೆ ಬಿಟ್ಟರೆ ನಿಮ್ಮ ಅದೃಷ್ಟ. ಐದು ಗುಳ್ಳೆ ಬಿಟ್ಟು ಒಂದು ಸುಮ್ನೆ ಕೂತಿದ್ದರೆ, ಆ ಒಂದು ಸೆಲ್ ಹೋಗಿದೆ. ಆಗ ಅಂಗಡಿಯವರ ಮಾತೇ ಸರಿ. ಕೊಳೆತ ಮೊಟ್ಟೆ ವಾಸನೆ ಬಂದರೆ, ಡಬ್ಬಿ ಕೈ ಇಡಲಾಗದಷ್ಟು ಬಿಸಿಯಾದರೆ ಅಥವಾ ಪಕ್ಕಕ್ಕೆ ಉಬ್ಬಿದರೆ ಸ್ವಿಚ್ ಆರಿಸಿ ದೂರ ಬನ್ನಿ.

---

ಲೆಕ್ಕದ ಮೇಷ್ಟ್ರು ಬರೆದಿದ್ದಾರೆ:

ಮಾವ ಹೇಳಿದ್ದಕ್ಕೆ ಒಂದು ಸಣ್ಣ ಲೆಕ್ಕ ಸೇರಿಸುತ್ತೇನೆ. ಕಾರು ಆಫ್ ಆಗಿದ್ದರೂ ಗಡಿಯಾರ, ಲಾಕಿನ ರಿಸೀವರ್, ಸ್ಟೀರಿಯೋ, ಇಂಜಿನ್ ಕಂಪ್ಯೂಟರ್ ಇವೆಲ್ಲ ಸದಾ ಸ್ವಲ್ಪ ಸ್ವಲ್ಪ ಕರೆಂಟ್ ಹೀರುತ್ತಿರುತ್ತವೆ. ಸಾಮಾನ್ಯವಾಗಿ 20ರಿಂದ 50 ಮಿಲಿ ಆಂಪಿಯರ್. ಬರೀ 25 ಅಂತ ಹಿಡಿಯಿರಿ. ದಿನಕ್ಕೆ 24 ಗಂಟೆ, ಅಂದರೆ 0.6 ಆಂಪಿಯರ್ ಗಂಟೆ. 60 ದಿನಕ್ಕೆ 36. ನಿಮ್ಮ ಬ್ಯಾಟರಿ ಹೊಸದಿದ್ದಾಗಲೇ 35. ಹೀರಿಕೆ 50 ಆಗಿದ್ದರೆ ಒಂದು ತಿಂಗಳಿಗೇ ಕೈ ಎತ್ತುತ್ತಿತ್ತು. ಅಂದರೆ ಬ್ಯಾಟರಿ ಕೆಟ್ಟಿರಲೇಬೇಕು ಅಂತೇನಿಲ್ಲ, ಲೆಕ್ಕದ ಪ್ರಕಾರವೇ ಖಾಲಿಯಾಗಿದೆ.

ಮೀಟರ್ ಇರುವವರಿಗೆ: ಕಾರು ಕೆಲವು ಗಂಟೆ ನಿಂತ ಮೇಲೆ ನೋಡಿದರೆ 12.6 ಪೂರ್ತಿ, 12.4 ಮುಕ್ಕಾಲು, 12.2 ಅರ್ಧ, 12.0 ಕಾಲು ಭಾಗ. ಹನ್ನೆರಡು ಇದೆಯಲ್ಲ ಅಂತ ಸಮಾಧಾನ ಪಟ್ಟುಕೊಳ್ಳುವವರು ಬಹಳ, ಹನ್ನೆರಡು ಅಂದರೆ ಆಗಲೇ ಮುಕ್ಕಾಲು ಖಾಲಿ.

---

ಪವರ್‌ಕಟ್ ಪುಟ್ಟಣ್ಣ ಬರೆದಿದ್ದಾರೆ:

ಯುಪಿಎಸ್ ಬಗ್ಗೆ ಯಾರೂ ಹೇಳಲಿಲ್ಲ. ಮೈದುನ ಹೇಳಿದ್ದು ಪೂರ್ತಿ ತಪ್ಪಲ್ಲ ಅಕ್ಕ. ಚಾರ್ಜರ್ ಎಲ್ಲರ ಮನೆಯಲ್ಲಿ ಇರಲ್ಲ, ಯುಪಿಎಸ್ ಇರುತ್ತದೆ. ನಮ್ಮ ಕಡೆ ಹಳ್ಳಿಗಳಲ್ಲಿ ಟ್ರ್ಯಾಕ್ಟರ್ ಬ್ಯಾಟರಿಯನ್ನು ಎಷ್ಟೋ ಜನ ಹೀಗೇ ಎಬ್ಬಿಸುತ್ತಾರೆ.

ಆದರೆ ಮೊದಲು ಯುಪಿಎಸ್ ಕೆಳಗೆ ಎಷ್ಟು ಬ್ಯಾಟರಿ ಇವೆ ನೋಡಿ. ಒಂದೇ ಇದ್ದರೆ 12 ವೋಲ್ಟಿನದು, ಮುಂದೆ ಓದಿ. ಎರಡು ಬ್ಯಾಟರಿ ಸಾಲಾಗಿ ಜೋಡಿಸಿದ್ದರೆ ಅದು 24 ವೋಲ್ಟಿನದು, ಆ ಆಸೆ ಅಲ್ಲಿಗೇ ಬಿಡಿ. ಯುಪಿಎಸ್ಸಿನ ಬ್ಯಾಟರಿ ಬಿಚ್ಚಿ ಆ ವೈರನ್ನು ಕಾರ್ ಬ್ಯಾಟರಿಗೆ ಹಾಕಬೇಕು, ಕೆಂಪು ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ತಿರುಗುಮುರುಗಾದರೆ ಯುಪಿಎಸ್ ಬೋರ್ಡ್ ಸುಟ್ಟೇ ಹೋಗುತ್ತದೆ. ಹಾಕುವಾಗ ಚಟ್ ಅಂತ ಒಂದು ಕಿಡಿ ಬರಬಹುದು, ಅದಕ್ಕೇ ಚಾರ್ಜ್ ಶುರುವಾಗುವ ಮುಂಚೆ ಮಾತ್ರ ಜೋಡಿಸೋದು. ಮುಂದಿನ ಬಟನ್ ಆಫ್ ಇರಲಿ. ಇಲ್ಲಾಂದರೆ ಮಧ್ಯೆ ಕರೆಂಟ್ ಹೋದಾಗ ಮನೆಯ ಫ್ಯಾನು ಲೈಟು ಎಲ್ಲ ನಿಮ್ಮ ಬಡಪಾಯಿ ಕಾರ್ ಬ್ಯಾಟರಿಯನ್ನೇ ಹೀರಿಬಿಡುತ್ತವೆ.

---

ಗ್ಯಾರೇಜ್ ಮಾವ ಬರೆದಿದ್ದಾರೆ:

ಪುಟ್ಟಣ್ಣ, ಟ್ರ್ಯಾಕ್ಟರ್ ಬ್ಯಾಟರಿ ದೊಡ್ಡದು ಗುರೂ, ತಡೆದುಕೊಳ್ಳುತ್ತದೆ. ಮನೆ ಯುಪಿಎಸ್ ಮಾಡಿರೋದು 150 ಎಎಚ್ ಬ್ಯಾಟರಿಗೆ, ಅದು 10-15 ಆಂಪಿಯರ್ ತಳ್ಳುತ್ತದೆ. 35 ಎಎಚ್‌ಗೆ ಅದು ಜಾಸ್ತಿ. ಬೇರೆ ದಾರಿಯೇ ಇಲ್ಲ ಅಂದರೆ, ಪಕ್ಕದಲ್ಲೇ ಕೂತು, ಅರ್ಧ ಗಂಟೆಗೊಮ್ಮೆ ಡಬ್ಬಿ ಮುಟ್ಟಿ ನೋಡುತ್ತಾ, ಸ್ಟಾರ್ಟ್ ಆಗುವಷ್ಟು ಮಾತ್ರ ಕೊಟ್ಟು ನಿಲ್ಲಿಸಬಹುದು. ರಾತ್ರಿ ಹಾಕಿ ಮಲಗಲೇಬೇಡಿ. ಮೇಡಂಗೆ ನಾನು ಹೇಳೋದು ಅದಕ್ಕಿಂತ ಸುಲಭ. ಲಾರಿ ಬ್ಯಾಟರಿ ರಿಪೇರಿ ಮಾಡುವ ಅಂಗಡಿ ಪ್ರತಿ ಊರಲ್ಲೂ ಒಂದಾದರೂ ಇರುತ್ತದೆ. ಅಲ್ಲಿ ಸಾಲಾಗಿ ಬ್ಯಾಟರಿ ಇಟ್ಟು ನಿಧಾನ ಚಾರ್ಜ್ ಮಾಡುತ್ತಾರೆ, ಆಸಿಡ್ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಹೈಡ್ರೋಮೀಟರೂ ಇರುತ್ತದೆ. ಆಟೋದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಹೋಗಿ, ಮಲಗಿಸಬೇಡಿ.

---

ಸೋಡಾ ಸೀನ ಬರೆದಿದ್ದಾರೆ:

ಎಪ್ಸಮ್ ಸಾಲ್ಟ್ ಸುಳ್ಳು ಅಂತ ಜನ ಸುಮ್ನೆ ಹೇಳುತ್ತಾರೆ. ನಮ್ಮ ಚಿಕ್ಕಪ್ಪ ಬಿಸಿ ಡಿಸ್ಟಿಲ್ಡ್ ನೀರಿಗೆ ಕರಗಿಸಿ ಹಾಕಿ, ರಾತ್ರಿಯಿಡೀ ಚಾರ್ಜ್‌ಗೆ ಬಿಟ್ಟರು, ಬೆಳಿಗ್ಗೆ ಓಮ್ನಿ ಸ್ಟಾರ್ಟ್ ಆಯ್ತು. ಕಣ್ಣಾರೆ ನೋಡಿದ್ದೇನೆ. ಆಸ್ಪಿರಿನ್ ಮಾತ್ರೆ ಹಾಕುವವರೂ ಇದ್ದಾರೆ.

---

ಗ್ಯಾರೇಜ್ ಮಾವ ಬರೆದಿದ್ದಾರೆ:

ಸೀನ, ರಾತ್ರಿಯಿಡೀ ಚಾರ್ಜ್‌ಗೆ ಬಿಟ್ಟರು ಅಂತ ನೀನೇ ಬರೆದಿದ್ದೀಯಲ್ಲ! ಓಮ್ನಿ ಎದ್ದಿದ್ದು ಅದರಿಂದ. ಉಪ್ಪು ಹಾಕದೆ ಚಾರ್ಜ್ ಮಾಡಿದ್ದರೂ ಏಳುತ್ತಿತ್ತು. ಇದು ಕಷಾಯ ಕುಡಿದು ಮಾತ್ರೆಯನ್ನೂ ನುಂಗಿ, ನೆಗಡಿ ಹೋಗಿದ್ದು ಕಷಾಯದಿಂದ ಅಂದ ಹಾಗಾಯ್ತು.

ಒಳಗೆ ಆಗೋದು ಇಷ್ಟು. ಬ್ಯಾಟರಿ ಖಾಲಿಯಾಗುತ್ತಾ ಎರಡೂ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಅದು ಸಹಜ, ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಸ್ವಲ್ಪ ಕೂರುತ್ತದೆ, ಚಾರ್ಜ್ ಆದಾಗ ಮತ್ತೆ ಕರಗಿ ಹೋಗುತ್ತದೆ. ಆದರೆ ಖಾಲಿ ಇಟ್ಟು ವಾರಗಟ್ಟಲೆ ಬಿಟ್ಟರೆ ಆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಗಟ್ಟಿಯಾದ ಜಾಗ ಚಾರ್ಜ್ ಹಿಡಿಯುವುದಿಲ್ಲ. ನಿಧಾನ ಚಾರ್ಜ್‌ನಲ್ಲಿ ಒಂದಿಷ್ಟು ವಾಪಸ್ ಬರುತ್ತದೆ, ಎಲ್ಲವೂ ಬರಲ್ಲ. ಎಪ್ಸಮ್ ಸಾಲ್ಟ್ ಅಂದರೆ ಮೆಗ್ನೀಸಿಯಂ ಸಲ್ಫೇಟ್. ಅದಾಗಲೇ ಸಲ್ಫೇಟ್‌ನಿಂದ ಒದ್ದಾಡುತ್ತಿರುವುದಕ್ಕೆ ಇನ್ನಷ್ಟು ಸಲ್ಫೇಟ್ ಸುರಿದರೆ ಅದು ಕರಗುವುದು ಹೇಗೆ? ಇನ್ನೊಂದು ಮೋಸ ಇದೆ. ನೀರಿಗೆ ಯಾವ ಉಪ್ಪು ಹಾಕಿದರೂ ತೂಕ ಜಾಸ್ತಿ ಆಗುತ್ತದೆ, ಹೈಡ್ರೋಮೀಟರ್ ಮೇಲೇಳುತ್ತದೆ. ನೋಡಿದವರು ಚಾರ್ಜ್ ಏರಿತು ಅಂದುಕೊಳ್ಳುತ್ತಾರೆ, ಏರಿರುವುದಿಲ್ಲ. ಆಮೇಲೆ ಆ ಬ್ಯಾಟರಿಯ ಗ್ರಾವಿಟಿ (ಹೈಡ್ರೋಮೀಟರ್ ತೋರಿಸುವ ನಂಬರ್) ನೋಡಿ ಏನೂ ಹೇಳೋಕಾಗಲ್ಲ.

ಆಸ್ಪಿರಿನ್ ಇನ್ನೂ ಕೆಟ್ಟದ್ದು. ಅದು ಒಡೆದು ಅಸಿಟಿಕ್ ಆಸಿಡ್ ಆಗುತ್ತದೆ, ಅಸಿಟಿಕ್ ಆಸಿಡ್ ಸೀಸವನ್ನು ತಿನ್ನುತ್ತದೆ. ಒಂದೆರಡು ದಿನ ಬ್ಯಾಟರಿ ಇಂಜಿನ್ನನ್ನು ಜೋರಾಗಿ ತಿರುಗಿಸಬಹುದು, ಆಮೇಲೆ ಪ್ಲೇಟೇ ಕರಗಿ ಹೋಗುತ್ತದೆ. ವೆಲ್ಡಿಂಗ್ ಮೆಷಿನ್ ಹಚ್ಚೋ ವಿಡಿಯೋನೂ ಓಡಾಡುತ್ತಿದೆ, ಅದನ್ನು ಮಾಡುವವರ ಪಕ್ಕ ನಿಂತುಕೊಳ್ಳಲೂ ಬೇಡಿ.

---

ಕಡಲ ಕಾರು ಬರೆದಿದ್ದಾರೆ:

ಉಡುಪಿಯಿಂದ. ತಳ್ಳುವ ಬಗ್ಗೆ: ಹಳೇ ಕಾರ್ಬೊರೇಟರ್ ಗಾಡಿ ಆಗಿದ್ದರೆ ಸೆಕೆಂಡ್ ಗೇರಲ್ಲಿ ಕ್ಲಚ್ ಬಿಟ್ಟು ಎಬ್ಬಿಸಬಹುದಿತ್ತು. ಈಗಿನದಕ್ಕೆ ಪೆಟ್ರೋಲ್ ಪಂಪು, ಇಂಜೆಕ್ಟರು, ಕಂಪ್ಯೂಟರು ಎಲ್ಲಕ್ಕೂ ಬ್ಯಾಟರಿ ಬೇಕು. ಡ್ಯಾಶ್‌ಬೋರ್ಡ್ ಲೈಟೇ ಮಂಕಾಗಿದೆ ಅಂದರೆ ಎದುರು ಮನೆಯವರ ಸೊಂಟ ಹಿಡಿದುಕೊಳ್ಳೋದು ಬಿಟ್ಟರೆ ಬೇರೇನೂ ಆಗಲ್ಲ. ಆಟೋಮ್ಯಾಟಿಕ್, ಎಎಂಟಿ ಇರುವವರು ಆ ಯೋಚನೆಯೇ ಮಾಡಬೇಡಿ.

ಬೇರೆ ಕಾರಿನ ಬ್ಯಾಟರಿಯಿಂದ ಜಂಪ್ ಸ್ಟಾರ್ಟ್ ಮಾಡುವುದಾದರೆ ಕೇಬಲ್ ಜೋಡಿಸುವ ಕ್ರಮ ಗಮನಿಸಿ. ಕೆಂಪು ಕೇಬಲ್ ಮೊದಲು ನಿಮ್ಮ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ನಿಮ್ಮ ಬ್ಯಾಟರಿಗೆ ಅಲ್ಲ, ನಿಮ್ಮ ಇಂಜಿನ್ನಿನ ಪೇಂಟ್ ಇಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಕಿಡಿ ಅಲ್ಲೇ ಬರೋದು, ಅದು ಬ್ಯಾಟರಿ ಮೇಲೆ ಬರಬಾರದು. ಆ ಕಾರನ್ನು ಐದು ನಿಮಿಷ ಓಡಲು ಬಿಟ್ಟು ಆಮೇಲೆ ನಿಮ್ಮ ಕೀ ತಿರುಗಿಸಿ. ಬಿಚ್ಚುವಾಗ ಕೊನೆಯಿಂದ ಶುರು ಮಾಡಿ.

ಜಂಪ್ ಆಯ್ತು ಅಂದ ಕೂಡಲೇ ಬ್ಯಾಟರಿ ಸರಿಹೋಯ್ತು ಅಂದುಕೊಳ್ಳಬೇಡಿ. ಇಂಜಿನ್ ಓಡುವಾಗ ಕರೆಂಟ್ ಕೊಡುವ ಆಲ್ಟರ್ನೇಟರ್ ಇರೋದು ಚಾರ್ಜ್ ಉಳಿಸಿಕೊಳ್ಳೋಕೆ, ತೀರಾ ಖಾಲಿಯಾದದ್ದನ್ನು ತುಂಬೋಕಲ್ಲ. ಹಾಸನದಿಂದ ಬೇಲೂರಿಗೆ ಹೋಗಿ ಬಂದರೆ ಸ್ವಲ್ಪ ಏರುತ್ತದೆ, ಪೂರ್ತಿ ಅಲ್ಲ. ಅಲ್ಲಿ ದೇವಸ್ಥಾನದ ಮುಂದೆ ಆಫ್ ಮಾಡಿ ಮತ್ತೆ ಏಳದಿದ್ದರೆ ಏನು ಮಾಡುತ್ತೀರಿ?

ಇನ್ನೊಂದು. ಟರ್ಮಿನಲ್ ಸುತ್ತ ಬಿಳಿ, ನೀಲಿ ಹಸಿರು ಪುಡಿ ಕೂತಿದೆಯಾ ನೋಡಿ. ಕರಾವಳಿಯ ತೇವದಲ್ಲಿ ನಮಗಿದು ನಿತ್ಯದ ಕಾಟ. ಅಡುಗೆ ಸೋಡಾ ಬಿಸಿನೀರಲ್ಲಿ ಕಲಸಿ ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ, ನೊರೆ ಬಂದು ಬಿಡುತ್ತದೆ. ಸೋಡಾ ನೀರು ಮುಚ್ಚಳದ ಒಳಗೆ ಇಳಿಯಬಾರದು. ಒಣಗಿಸಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಎಷ್ಟೋ ಸಲ ಬ್ಯಾಟರಿ ಸರಿಯಾಗೇ ಇರುತ್ತದೆ, ಕ್ಲಾಂಪ್ ಸಡಿಲ ಇರುತ್ತದೆ ಅಷ್ಟೇ.

---

ವಿನ್ನಿಪೆಗ್ ಕನ್ನಡಿಗ ಬರೆದಿದ್ದಾರೆ:

ಹಾಸನಕ್ಕೆ ಬೇಕಾಗಲ್ಲ, ಆದರೆ ನನ್ನ ಹಾಗೆ ಚಳಿ ದೇಶದಲ್ಲಿ ಇರುವವರು ಓದಿದರೆ ಅಂತ ಬರೆಯುತ್ತಿದ್ದೇನೆ. ಖಾಲಿ ಬ್ಯಾಟರಿಯಲ್ಲಿ ಆಸಿಡ್ ತೆಳ್ಳಗಾಗಿ ಹೆಚ್ಚುಕಡಿಮೆ ನೀರೇ ಆಗಿರುತ್ತದೆ, ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋದರೆ ಹೆಪ್ಪುಗಟ್ಟಬಹುದು. ಹೆಪ್ಪುಗಟ್ಟಿದ ಬ್ಯಾಟರಿಗೆ ಚಾರ್ಜರ್ ಹಾಕಬಾರದು, ಜಂಪ್ ಕೊಡಬಾರದು, ಸಿಡಿಯುತ್ತದೆ. ಒಳಗೆ ತಂದು ಪೂರ್ತಿ ಕರಗಿದ ಮೇಲೆ, ಡಬ್ಬಿ ಬಿರುಕು ಬಿಟ್ಟಿಲ್ಲ ಅಂತ ನೋಡಿಕೊಂಡು ಮುಂದಿನ ಮಾತು. ಇಲ್ಲಿ ಚಳಿಗಾಲದಲ್ಲಿ ಕಾರುಗಳ ಮೂತಿಯಿಂದ ಪ್ಲಗ್ಗಿನ ವೈರ್ ನೇತಾಡುತ್ತಿರುತ್ತದೆ, ಇಂಜಿನ್ ಬೆಚ್ಚಗಿಡೋದಕ್ಕೆ ರಾತ್ರಿ ಅದನ್ನು ಕರೆಂಟಿಗೆ ಸಿಕ್ಕಿಸುತ್ತೇವೆ. ಆದರೂ ಬ್ಯಾಟರಿಯ ಆಯಸ್ಸು ತಿನ್ನೋದು ಚಳಿಗಿಂತ ಸೆಕೆಯೇ. ನಮ್ಮ ರಾಯಚೂರಿನ ಬಿಸಿಲಲ್ಲಿ ನೀರು ಬೇಗ ಆರುತ್ತದೆ, ಪ್ಲೇಟಿನ ಜಾಲರಿ ಬೇಗ ತಿಂದು ಹೋಗುತ್ತದೆ.

---

ಹೇಮಾವತಿ ತೀರ ಬರೆದಿದ್ದಾರೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮ ಯುಪಿಎಸ್‌ಗೆ ಎರಡು ಬ್ಯಾಟರಿ ಇದೆ, ಮೈದುನನಿಗೆ ಫೋಟೋ ಕಳಿಸಿದೆ, ಆಮೇಲೆ ಅವನ ಸದ್ದಿಲ್ಲ. 

ಬಳೆ ತೆಗೆದಿಟ್ಟು, ಮೈನಸ್ ಮೊದಲು ಬಿಚ್ಚಿ, ಪಕ್ಕದ ಮನೆ ಹುಡುಗನ ಕೈಲಿ ಎತ್ತಿಸಿ ಲಾರಿ ಬ್ಯಾಟರಿ ಅಂಗಡಿಗೆ ಒಯ್ದೆ. ಅಂಗಡಿಯ ಸಾಬರು ವಯಸ್ಸಾದವರು, ಮಾತು ಕಡಿಮೆ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಒಳಗೆ ನೋಡಿ, "ಪ್ಲೇಟ್ ಬಿಳಿ ಆಗಿಲ್ಲ, ಬಿಟ್ಟು ಹೋಗಿ" ಅಂದರು. ಮಾರನೇ ದಿನ ಹೋದಾಗ ಆರೂ ತೂತಲ್ಲಿ ಗುಳ್ಳೆ ಬರುತ್ತಿತ್ತು, ನಾನೂ ಬಗ್ಗಿ ಕೇಳಿಸಿಕೊಂಡೆ, ನಿಜವಾಗಿಯೂ ಚುಯ್ ಅನ್ನುತ್ತದೆ. ಹೈಡ್ರೋಮೀಟರ್ ಹಾಕಿ ಹೀರಿ ತೋರಿಸಿದರು. ಗಾಜಿನ ಕೊಳವೆ ಒಳಗೆ ತೇಲುವ ಕಡ್ಡಿಗೆ ಕೆಂಪು, ಹಸಿರು ಬಣ್ಣದ ಪಟ್ಟಿ ಇದೆ. ಐದು ಸೆಲ್ 1240ರಿಂದ 1250 ಮಧ್ಯೆ, ಒಂದು ಮಾತ್ರ 1220. ಅವರು ಆ ಒಂದರ ಮುಚ್ಚಳಕ್ಕೆ ಚಾಕ್‌ನಲ್ಲಿ ಗುರುತು ಹಾಕಿ ಕೊಟ್ಟಿದ್ದಾರೆ. ಮನೆಗೆ ತಂದು ರಾತ್ರಿ ಸುಮ್ನೆ ಇಟ್ಟು ಬೆಳಿಗ್ಗೆ ನೋಡಿದರೆ 12.5. ಕಾರಿಗೆ ಹಾಕಿದೆ, ಸ್ಟಾರ್ಟ್ ಆಯ್ತು!! ಗಡಿಯಾರ ಮಾತ್ರ ಹನ್ನೆರಡಕ್ಕೆ ಹೋಗಿ ಕೂತಿದೆ.

ಈಗ ಎರಡು ಪ್ರಶ್ನೆ. ಆ 1220ರ ಸೆಲ್ ಬಗ್ಗೆ ಹೆದರಬೇಕಾ? ದೀಪಾವಳಿ ಆದಮೇಲೆ ಮತ್ತೆ ಪುಣೆಗೆ ಹೋಗಬೇಕು, ಮಗಳು ಕೆಲಸಕ್ಕೆ ಸೇರುತ್ತಾಳೆ. ಆಗ ಏನು ಮಾಡಲಿ?

---

ಗ್ಯಾರೇಜ್ ಮಾವ ಬರೆದಿದ್ದಾರೆ:

ಒಳ್ಳೆ ಸಾಬರು ಸಿಕ್ಕಿದ್ದಾರೆ, ಅವರ ಅಂಗಡಿ ಬಿಡಬೇಡಿ.

ಸೆಲ್‌ಗಳ ನಡುವೆ 50ರಷ್ಟು ವ್ಯತ್ಯಾಸ ಬಂದರೆ ಬ್ಯಾಟರಿ ಮುಗಿಯಿತು ಅಂತ ಲೆಕ್ಕ. ನಿಮ್ಮದು 20-30. ಮುಗಿದಿಲ್ಲ, ಆದರೆ ಮೊದಲು ಹೋಗುವ ಸೆಲ್ ಯಾವುದು ಅಂತ ಗೊತ್ತಾಗಿದೆ. ಹುಡುಗನ ಮೀಟರ್ ಇದ್ದಾಗಲೇ ಇನ್ನೆರಡು ನೋಡಿಸಿ. ಕೀ ತಿರುಗಿಸುವ ಆ ಕ್ಷಣದಲ್ಲಿ ವೋಲ್ಟ್ ಎಷ್ಟಕ್ಕೆ ಬೀಳುತ್ತದೆ, 9.6ಕ್ಕಿಂತ ಕೆಳಗೆ ಹೋದರೆ ಜಾಸ್ತಿ ದಿನ ನಂಬಬೇಡಿ. ಇಂಜಿನ್ ಓಡುವಾಗ 13.8ರಿಂದ 14.5 ಒಳಗೆ ಇದ್ದರೆ ಆಲ್ಟರ್ನೇಟರ್ ಸರಿ ಇದೆ. ಒಂದು ಸಲ ಹೀಗೆ ತಳ ಕಂಡ ಬ್ಯಾಟರಿ ಮೊದಲಿನ ಹಾಗೆ ಆಗಲ್ಲ, ಅದಂತೂ ನಿಜ. ಒಂದು ಮಳೆಗಾಲ ಕಳೆದರೆ ಲಾಭ ಅಂದುಕೊಳ್ಳಿ. ವಾರಂಟಿ ಕಾರ್ಡ್ ಸಿಕ್ಕಿತಾ? ಕೆಲವದಕ್ಕೆ ಉಚಿತ ಅವಧಿ ಮುಗಿದ ಮೇಲೂ ಹೊಸದರ ಬೆಲೆಯಲ್ಲಿ ಒಂದಿಷ್ಟು ಬಿಡುತ್ತಾರೆ. ಹೊಸದು ಕೊಳ್ಳುವ ದಿನ ಬಂದರೆ ಹಳೆಯದನ್ನು ಅದೇ ಅಂಗಡಿಗೆ ಕೊಟ್ಟು ದುಡ್ಡು ಮುರಿದುಕೊಳ್ಳಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿಯ ಜವಾಬ್ದಾರಿ ತಯಾರಿಸಿದವರದ್ದು. ಗುಜರಿಯವರಿಗೆ ಕೊಟ್ಟರೆ ಆಸಿಡ್ ಮೋರಿಗೆ ಸುರಿದು ಸೀಸ ಮಾತ್ರ ಒಯ್ಯುತ್ತಾರೆ.

---

ಲೆಕ್ಕದ ಮೇಷ್ಟ್ರು ಬರೆದಿದ್ದಾರೆ:

ನನಗೊಂದು ಕುತೂಹಲ. ಕಾರು ನಿಂತಾಗ ಎಷ್ಟು ಹೀರುತ್ತದೆ ಅಂತ ಹುಡುಗನ ಕೈಲಿ ಅಳೆಸುತ್ತೀರಾ? ಮೈನಸ್ ಕ್ಲಾಂಪ್ ಬಿಚ್ಚಿ, ಬ್ಯಾಟರಿಗೂ ಕ್ಲಾಂಪಿಗೂ ಮಧ್ಯೆ ಮೀಟರನ್ನು 10 ಆಂಪಿಯರ್ ಜಾಗದಲ್ಲಿಟ್ಟು ಹಿಡಿಯಬೇಕು. ಬಾಗಿಲು ಮುಚ್ಚಿರಲಿ, ಅರ್ಧ ಗಂಟೆ ಕಾಯಲಿ, ಒಳಗಿನ ಕಂಪ್ಯೂಟರ್‌ಗಳು ನಿದ್ದೆ ಹೋಗಲು ಸಮಯ ಬೇಕು. ಮೀಟರ್ ಹಾಗೆ ಜೋಡಿಸಿರುವಾಗ ಯಾರೂ ಕೀ ತಿರುಗಿಸಬಾರದು, ತಿರುಗಿಸಿದರೆ ಮೀಟರಿನ ಫ್ಯೂಸ್ ಹೋಗುತ್ತದೆ.

---

ಹೇಮಾವತಿ ತೀರ ಬರೆದಿದ್ದಾರೆ:

ಅಳೆಸಿದೆ ಮೇಷ್ಟ್ರೇ. ಮೊದಲು ಜಾಸ್ತಿ ತೋರಿಸಿ ಆಮೇಲೆ ಇಳಿಯುತ್ತಾ ಬಂದು 27 ಮಿಲಿ ಆಂಪಿಯರ್‌ಗೆ ನಿಂತಿತು. ಕಾರಿನದು ಏನೂ ತಪ್ಪಿಲ್ಲ ಅಂತಾಯ್ತು. ಸ್ಟಾರ್ಟ್ ಮಾಡುವಾಗ 10.1ಕ್ಕೆ ಬಿದ್ದು ಎದ್ದಿತು, ಓಡುವಾಗ 14.2. ಪುಣೆಗೆ ಹೋಗುವಾಗ ಮೈನಸ್ ಬಿಚ್ಚಿಟ್ಟು ಹೋದರೆ ಸಾಕಲ್ವಾ?

---

ಗ್ಯಾರೇಜ್ ಮಾವ ಬರೆದಿದ್ದಾರೆ:

ಸಾಕು. ಹೋಗುವ ಹಿಂದಿನ ದಿನ ಸಾಬರ ಹತ್ತಿರ ಪೂರ್ತಿ ಚಾರ್ಜ್ ಮಾಡಿಸಿ, ನೀರು ನೋಡಿಸಿ. ವಾರಕ್ಕೊಮ್ಮೆ ಯಾರಾದರೂ ಬಂದು ಐದು ನಿಮಿಷ ಇಂಜಿನ್ ಓಡಿಸಲಿ ಅಂತ ಕೀ ಕೊಟ್ಟು ಹೋಗಬೇಡಿ, ಸ್ಟಾರ್ಟ್ ಮಾಡಿದ್ದು ಮತ್ತು ಆ ವಾರ ನಿಂತು ಕಳೆದದ್ದು ಐದು ನಿಮಿಷದಲ್ಲಿ ವಾಪಸ್ ಬರುವುದಿಲ್ಲ.

ಮೈನಸ್ ಬಿಚ್ಚುವ ಮುಂಚೆ ಗಾಜು ಏರಿಸಿ. ಬಿಚ್ಚಿದ ಮೇಲೆ ಕ್ಲಾಂಪಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿ ಪಕ್ಕಕ್ಕೆ ಕಟ್ಟಿ, ಇಲ್ಲಾಂದರೆ ವೈರ್ ಸೆಟೆದುಕೊಂಡು ತಾನೇ ಹೋಗಿ ಟರ್ಮಿನಲ್‌ಗೆ ತಾಗುತ್ತದೆ. ಆಮೇಲೆ ಬಾನೆಟ್ ಮುಚ್ಚಿ, ಕೀಯಿಂದ ಬೀಗ ಹಾಕಿ. ಆಗ ಸೆಂಟ್ರಲ್ ಲಾಕ್ ಕೆಲಸ ಮಾಡಲ್ಲ, ನಿಮ್ಮ ಬಾಗಿಲಿಗೆ ಹಾಕಿದರೆ ಉಳಿದವು ಬೀಳುವುದಿಲ್ಲ. ನಾಲ್ಕೂ ಬಾಗಿಲು, ಡಿಕ್ಕಿ ಒಂದೊಂದೇ ಎಳೆದು ನೋಡಿಕೊಂಡು ಬಸ್ ಹತ್ತಿ.